ಸಿಗ್ನಲ್ ಇಲ್ಲದ ಕಾಡಿಗೆ ಹ್ಯಾಮ್ ರೇಡಿಯೊ: ಹ್ಯಾಂಡಿ ಸಾಕಾ, ಎಚ್‌ಎಫ್ ಹೊರಬೇಕಾ?

ಬೆಟ್ಟದದಾರಿ

ಎಲ್ಲರಿಗೂ ನಮಸ್ಕಾರ. ಗೆಳೆಯರು ಸೇರಿ ಸುಮಾರು ಒಂದು ವಾರ ಕಾಡಿನಲ್ಲಿ ಸರ್ವೈವಲ್ ಕ್ಯಾಂಪ್ ಮಾಡುವ ಯೋಚನೆ ಇದೆ. ಟೆಂಟ್ ಇಲ್ಲ, ಬರೀ ಟಾರ್ಪಾಲು. ನೀರು ಅಲ್ಲೇ ಹುಡುಕಿ ಶುದ್ಧ ಮಾಡಿಕೊಳ್ಳುವುದು, ಬೆಂಕಿ ಅಲ್ಲೇ ಹೊತ್ತಿಸುವುದು, ಹಾಗೆ. ಮೊಬೈಲ್ ಸಿಗ್ನಲ್ ಸಿಗುವ ಪ್ರಶ್ನೆಯೇ ಇಲ್ಲ. ನನಗೆ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂದು ಜಾಸ್ತಿ ದಿನ ಆಗಿಲ್ಲ. ಕೈಯಲ್ಲಿ ಇರುವುದು 5 ವ್ಯಾಟ್‌ನ ಒಂದು ಡ್ಯುಯಲ್ ಬ್ಯಾಂಡ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೊ) ಮಾತ್ರ. ಗುಂಪಿನಲ್ಲಿ ಬೇರೆ ಯಾರಿಗೂ ಲೈಸೆನ್ಸ್ ಇಲ್ಲ.

ಯಾರಿಗಾದರೂ ಪೆಟ್ಟಾದರೆ ಈ ಹ್ಯಾಂಡಿಯಿಂದ ಹೊರಗಿನವರನ್ನು ಕರೆಯಬಹುದಾ? ಇಲ್ಲ ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್‌ನ ಶಾರ್ಟ್‌ವೇವ್) ರಿಗ್ ಅಂದರೆ ರೇಡಿಯೊ ಸೆಟ್, ಬ್ಯಾಟರಿ, ಆಂಟೆನಾ ಎಲ್ಲ ಹೊತ್ತುಕೊಂಡು ಹೋಗಲೇಬೇಕಾ? ಚೀಲದ ತೂಕ ನೆನೆಸಿಕೊಂಡರೇ ಬೆನ್ನು ನೋಯುತ್ತೆ.

ತಂತಿಮೇಲಿನಕಾಗೆ

ಹ್ಯಾಂಡಿ ಎಷ್ಟು ದೂರ ಹೋಗುತ್ತದೆ ಅನ್ನುವುದು ವ್ಯಾಟ್ ಮೇಲೆ ನಿಂತಿಲ್ಲ, ನೀವು ಎಲ್ಲಿ ನಿಂತಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಒಂದು ಸುಲಭ ಲೆಕ್ಕ ಹೇಳುತ್ತೇನೆ. ಆಂಟೆನಾದ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಳ್ಳಿ. ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ರೇಡಿಯೊ ಅಲೆಗೆ ಕಾಣುವ ದಿಗಂತ ಕಿಲೋಮೀಟರ್‌ನಲ್ಲಿ ಬರುತ್ತದೆ. ಕೈಯಲ್ಲಿ ಹಿಡಿದ ಹ್ಯಾಂಡಿ ನೆಲದಿಂದ ಒಂದೂವರೆ ಮೀಟರ್ ಮೇಲಿದೆ ಅಂದುಕೊಳ್ಳಿ, ಬಯಲಿನಲ್ಲೂ 5 ಕಿ.ಮೀ. ಅಷ್ಟೇ. ಸುತ್ತಲಿನ ನೆಲಕ್ಕಿಂತ 400 ಮೀಟರ್ ಎತ್ತರದ ದಿಬ್ಬ ಹತ್ತಿದರೆ 82 ಕಿ.ಮೀ. ಅದೇ ಹ್ಯಾಂಡಿ, ಅದೇ 5 ವ್ಯಾಟ್. ಆ ಕಡೆಯವರ ಆಂಟೆನಾ ಎತ್ತರದ ಲೆಕ್ಕವನ್ನೂ ಇದಕ್ಕೆ ಕೂಡಿಸಿಕೊಳ್ಳಬಹುದು, ಹಾಗಾಗಿಯೇ ಎತ್ತರದಲ್ಲಿ ಕೂತು, ಕೇಳಿದ್ದನ್ನು ಮತ್ತೆ ಪ್ರಸಾರ ಮಾಡುವ ರಿಪೀಟರ್ ಅಷ್ಟು ದೂರದಿಂದಲೂ ಸಿಗುತ್ತದೆ.

ಆದರೆ ಸರ್ವೈವಲ್ ಕ್ಯಾಂಪ್ ಯಾರೂ ಗುಡ್ಡದ ನೆತ್ತಿಯಲ್ಲಿ ಹಾಕುವುದಿಲ್ಲ, ಅಲ್ವಾ? ನೀರು ಇರುವ ಕಡೆ ಹಾಕುತ್ತಾರೆ. ನೀರು ಇರುವುದು ಕಣಿವೆಯಲ್ಲಿ. ಅಲ್ಲಿ ನಾಲ್ಕೂ ಕಡೆ ಮಣ್ಣಿನ ಗೋಡೆ. ಜೊತೆಗೆ ಮರ. ಎಲೆಗಳು ಅಲೆಯನ್ನು ನುಂಗುತ್ತವೆ, ಒದ್ದೆಯಾದಾಗ ಇನ್ನೂ ಜಾಸ್ತಿ. 70 ಸೆಂಟಿಮೀಟರ್ ಬ್ಯಾಂಡ್‌ಗೆ (430 ಮೆಗಾಹರ್ಟ್ಸ್ ಆಸುಪಾಸು) ಈ ಏಟು ಹೆಚ್ಚು, 2 ಮೀಟರ್ ಬ್ಯಾಂಡ್‌ಗೆ (145 ಮೆಗಾಹರ್ಟ್ಸ್ ಆಸುಪಾಸು) ಕಡಿಮೆ. ಕಾಡಿನಲ್ಲಿ 2 ಮೀಟರ್ ಬಳಸಿ.

ಹ್ಯಾಂಡಿ ಜೊತೆ ಬಂದ ಗಿಡ್ಡ ರಬ್ಬರ್ ಆಂಟೆನಾ ಮನೆಯಲ್ಲೇ ಇರಲಿ. ಲ್ಯಾಡರ್ ಲೈನ್ ಅನ್ನುವ ಜೋಡಿ ತಂತಿಯಲ್ಲಿ ಮಾಡುವ ಸ್ಲಿಮ್ ಜಿಮ್ ಆಂಟೆನಾ ಸುಮಾರು ಒಂದೂವರೆ ಮೀಟರ್ ಉದ್ದ ಇರುತ್ತದೆ, ಸುತ್ತಿಟ್ಟರೆ ಅಂಗೈಯಲ್ಲಿ ಹಿಡಿಯುತ್ತದೆ. ದಾರದಿಂದ ಕೊಂಬೆಗೆ ಎತ್ತಿ ಕಟ್ಟಿ. ಅದೂ ಇಲ್ಲದಿದ್ದರೆ ಆ ಗಿಡ್ಡ ಆಂಟೆನಾವನ್ನೇ ಒಯ್ದು, ಸುಮಾರು 49 ಸೆಂ.ಮೀ. ಉದ್ದದ ತಂತಿಯೊಂದನ್ನು ಆಂಟೆನಾ ಕನೆಕ್ಟರ್‌ನ ಹೊರಬಳೆಗೆ ಸಿಕ್ಕಿಸಿ ಕೆಳಗೆ ಇಳಿಬಿಡಿ. ಖರ್ಚಿಲ್ಲದ ಕೆಲಸ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಹಗುರಚೀಲ

ಕೋಪ ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ಜೀವ ಉಳಿಸುವ ಮಾತಾದರೆ ಹ್ಯಾಮ್ ರೇಡಿಯೊ ಯಾಕೆ? ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್) ತಗೊಳ್ಳಿ. ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಕೊಸ್ಪಾಸ್-ಸಾರ್ಸಾಟ್ ಅನ್ನುವ ರಕ್ಷಣಾ ಜಾಲದ ಉಪಗ್ರಹಗಳಿಗೆ ಸಂದೇಶ ಹೋಗುತ್ತದೆ. ಕನಿಷ್ಠ 24 ಗಂಟೆ ಕೂಗುತ್ತಲೇ ಇರುತ್ತದೆ. ಹುಡುಕಿಕೊಂಡು ಬರುವವರಿಗೆ ದಿಕ್ಕು ತಿಳಿಯಲು 121.5ರಲ್ಲೂ ಸಿಗ್ನಲ್ ಬಿಡುತ್ತದೆ. ಕಾಲು ಮುರಿದುಕೊಂಡು ಬಿದ್ದವನು ಮರಕ್ಕೆ ತಂತಿ ಎಸೆಯುತ್ತಾ ಕೂರಬೇಕಾ?

ತಂತಿಮೇಲಿನಕಾಗೆ

ಹಗುರಚೀಲ ಹೇಳಿದ್ದರಲ್ಲಿ ಒಪ್ಪದೇ ಇರುವಂಥದ್ದು ಏನೂ ಇಲ್ಲ. ಒಂದೇ ವಸ್ತು ಒಯ್ಯಬೇಕು ಅಂದರೆ ನಾನೂ ಪಿಎಲ್‌ಬಿಯನ್ನೇ ಎತ್ತಿಕೊಳ್ಳುತ್ತೇನೆ. ಆದರೆ ಅದು ಒಂದೇ ಮಾತು ಆಡುತ್ತದೆ: ಇಲ್ಲಿದ್ದೇನೆ, ಬನ್ನಿ. ಹಾವು ಕಚ್ಚಿದೆಯಾ, ಕಾಲು ಉಳುಕಿದೆಯಾ, ಇಬ್ಬರಾ ನಾಲ್ವರಾ, ಹೊಳೆ ತುಂಬಿ ಈ ದಡದಲ್ಲಿ ಸಿಕ್ಕಿಕೊಂಡಿದ್ದೀರಾ, ಏನೂ ಹೇಳುವುದಿಲ್ಲ. "ಜೀವಕ್ಕೆ ಅಪಾಯ ಇಲ್ಲ, ಆದರೆ ಎರಡು ದಿನ ತಡವಾಗಿ ಬರುತ್ತೇವೆ, ಮನೆಯವರಿಗೆ ತಿಳಿಸಿ" ಅನ್ನುವುದಕ್ಕೆ ಪಿಎಲ್‌ಬಿ ಒತ್ತುವ ಹಾಗೂ ಇಲ್ಲ. ಆ ಮಧ್ಯದ ಜಾಗ ರೇಡಿಯೊದ್ದು. ಕ್ಯಾಂಪ್‌ನಲ್ಲಿ ನಿಜಕ್ಕೂ ಆಗುವ ಸಮಸ್ಯೆಗಳು ಬಹುಪಾಲು ಅಲ್ಲೇ ಇರುತ್ತವೆ.

ಇನ್ನೊಂದು. ಪಿಎಲ್‌ಬಿಯನ್ನು ನೋಂದಣಿ ಮಾಡಿಸಬೇಕು. ಕೆಲವು ದೇಶಗಳಲ್ಲಿ ಉಪಗ್ರಹ ಫೋನ್ ಅನುಮತಿ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಹೋಗುವ ಜಾಗದ ಕಾನೂನು ಮೊದಲು ನೋಡಿ. ಹ್ಯಾಮ್ ಲೈಸೆನ್ಸ್‌ಗೂ ಇದೇ ಮಾತು, ಗಡಿ ದಾಟಿದರೆ ನಿಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆ ಅಂತ ಸುಮ್ನೆ ಅಂದುಕೊಳ್ಳಬೇಡಿ.

ಬೆಟ್ಟದದಾರಿ

ಸರಿ, ಎತ್ತರಕ್ಕೆ ಹತ್ತಿ ಕರೆದೆ ಅಂತಲೇ ಇಟ್ಟುಕೊಳ್ಳಿ. ಯಾವ ಫ್ರೀಕ್ವೆನ್ಸಿಯಲ್ಲಿ ಕರೆದರೆ ಯಾರಾದರೂ ಇರುತ್ತಾರೆ?

ನಕಾಶೆಗಣ್ಣು

ನಿಜವಾಗಿ ಕೇಳಬೇಕಿದ್ದ ಪ್ರಶ್ನೆ ಇದೇ. ರಿಗ್ ಬಗ್ಗೆ ನೂರು ಪೋಸ್ಟ್ ಬರುತ್ತವೆ, ಆ ತುದಿಯಲ್ಲಿ ಯಾರು ಕೂತಿರುತ್ತಾರೆ ಅಂತ ಯಾರೂ ಕೇಳುವುದಿಲ್ಲ.

2 ಮೀಟರ್‌ನಲ್ಲಿ ಎಫ್‌ಎಂ ಕಾಲಿಂಗ್ ಫ್ರೀಕ್ವೆನ್ಸಿ ಅಂತ ಇದೆ, ಮೊದಲು ಕರೆಯಲು ಎಲ್ಲರೂ ಬಳಸುವ ಜಾಗ. ಯುರೋಪ್‌ನಲ್ಲಿ 145.500 ಮೆಗಾಹರ್ಟ್ಸ್, ಅಮೆರಿಕದಲ್ಲಿ 146.520. ಬೇರೆ ದೇಶಗಳಲ್ಲಿ ಅಲ್ಲಿನ ಬ್ಯಾಂಡ್ ಪ್ಲಾನ್ (ಯಾವ ಫ್ರೀಕ್ವೆನ್ಸಿ ಯಾವುದಕ್ಕೆ ಅನ್ನುವ ಪಟ್ಟಿ) ನೋಡಬೇಕು. ಅಮೆರಿಕದಲ್ಲಿ ವೈಲ್ಡರ್‌ನೆಸ್ ಪ್ರೊಟೊಕಾಲ್ ಅನ್ನುವ ಪದ್ಧತಿ ಇದೆ. ಬೆಳಗ್ಗೆ 7ರಿಂದ ಸಂಜೆ 7ರವರೆಗೆ ಪ್ರತಿ ಮೂರು ಗಂಟೆಗೊಮ್ಮೆ, ಅಂದರೆ 7, 10, 1, 4, 7ಕ್ಕೆ, ಐದು ನಿಮಿಷ ಆ ಫ್ರೀಕ್ವೆನ್ಸಿಗೆ ಕಿವಿ ಕೊಡುವುದು. ಬ್ಯಾಟರಿ ಕಡಿಮೆ ಇರುವವರೂ ಇದನ್ನು ಮಾಡಬಹುದು, ಅದೇ ಅದರ ಜಾಣತನ. ಆದರೆ ಇದು ರೂಢಿ ಅಷ್ಟೇ, ಡ್ಯೂಟಿ ಅಲ್ಲ. ಯಾರೂ ಕೇಳಿಸಿಕೊಳ್ಳಲೇಬೇಕು ಅಂತ ಇಲ್ಲ. ಜನ ಕಡಿಮೆ ಇರುವ ಕಡೆ ಕಾಲಿಂಗ್ ಫ್ರೀಕ್ವೆನ್ಸಿಯಲ್ಲಿ ಕೂಗುವುದೆಂದರೆ ಖಾಲಿ ಮನೆಯ ಬಾಗಿಲು ಬಡಿದ ಹಾಗೆ.

ಅದಕ್ಕೇ ಹೊರಡುವ ಮೊದಲೇ ನಿಮ್ಮದೇ ಒಬ್ಬ ಹ್ಯಾಮ್ ಗೆಳೆಯನನ್ನು ಹಿಡಿದು ಸ್ಕೆಡ್, ಅಂದರೆ ರೇಡಿಯೊದಲ್ಲಿ ಮಾತಾಡುವ ನಿಗದಿತ ಹೊತ್ತು, ಗೊತ್ತು ಮಾಡಿ. ದಿನಕ್ಕೆ ಎಷ್ಟು ಹೊತ್ತಿಗೆ, ಯಾವ ಫ್ರೀಕ್ವೆನ್ಸಿ, ಅದು ಗದ್ದಲ ಇದ್ದರೆ ಯಾವುದಕ್ಕೆ ಸರಿಯಬೇಕು, ಎಲ್ಲ ಕಾಗದದಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಅದಕ್ಕಿಂತ ಮುಖ್ಯವಾದದ್ದು: ನಿಮ್ಮ ದನಿ ಕೇಳದಿದ್ದರೆ ಅವರು ಏನು ಮಾಡಬೇಕು? ಒಂದು ಸ್ಕೆಡ್ ತಪ್ಪಿದರೆ ಏನೂ ಬೇಡ, ಆಂಟೆನಾ ಬಿದ್ದಿರಬಹುದು. ಎರಡು ತಪ್ಪಿದರೆ ಮನೆಗೆ ಫೋನ್. ಮೂರು ತಪ್ಪಿದರೆ, ಹಿಂತಿರುಗುವ ದಿನವೂ ಕಳೆದಿದ್ದರೆ, ನಕಾಶೆ ಹಿಡಿದು ಪೊಲೀಸರ ಹತ್ತಿರ ಹೋಗುವುದು. ಹೀಗೆ ಏನೋ ಒಂದು. ಇದು ಇಲ್ಲದಿದ್ದರೆ ರೇಡಿಯೊ ಕೆಟ್ಟ ದಿನ ಎರಡೂ ಕಡೆ ಗಾಬರಿ.

ಡಿಡಾಡಿಟ್

ನಕಾಶೆಗಣ್ಣು ಅವರ ಮಾತಿಗೆ ನನ್ನದೊಂದು ಸೇರ್ಪಡೆ. ಆ ಸ್ಕೆಡ್ 2 ಮೀಟರ್‌ನಲ್ಲಿ ಆಗುವುದಿಲ್ಲ ಅಂತಾದಾಗಲೇ ಎಚ್‌ಎಫ್ ಬೇಕಾಗುವುದು. ಆದರೆ ಎಚ್‌ಎಫ್ ಅಂದ ಕೂಡಲೇ ಹೊಸಬರು 14 ಮೆಗಾಹರ್ಟ್ಸ್‌ಗೆ ಓಡುತ್ತಾರೆ, ಆಂಟೆನಾ ಚಿಕ್ಕದು, ದೂರದ ದೇಶ ಸಿಗುತ್ತೆ ಅಂತ. ಸಿಗುತ್ತದೆ, ನಿಜ. ಆದರೆ ನೂರಿನ್ನೂರು ಕಿ.ಮೀ. ದೂರದಲ್ಲಿರುವ ನಿಮ್ಮ ಗೆಳೆಯ ಮಾತ್ರ ಸಿಗುವುದಿಲ್ಲ! ಆ ಅಲೆ ಅಯಾನುಗೋಳಕ್ಕೆ (ಅಲೆಯನ್ನು ನೆಲಕ್ಕೆ ಹಿಂದಿರುಗಿಸುವ ವಾತಾವರಣದ ಮೇಲಿನ ಪದರ) ಓರೆಯಾಗಿ ತಾಗಿ ಅವನ ತಲೆ ಮೇಲಿಂದ ಹಾರಿ ಎಲ್ಲೋ ದೂರ ಇಳಿಯುತ್ತದೆ. ನಡುವೆ ಉಳಿಯುವುದೇ ಸ್ಕಿಪ್ ವಲಯ.

ಹತ್ತಿರದವರಿಗೆ ಬೇಕಾಗಿರುವುದು ಎನ್‌ವಿಐಎಸ್. ಅಲೆಯನ್ನು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಕಳಿಸುವುದು, ಅದು ಸುತ್ತಲಿನ ಮುನ್ನೂರು ನಾನೂರು ಕಿ.ಮೀ.ಗೆ ಮಳೆ ಬಂದಂತೆ ಇಳಿಯುವುದು. ಕಣಿವೆಯ ಗೋಡೆ ಇದಕ್ಕೆ ಲೆಕ್ಕವೇ ಇಲ್ಲ, ಆಕಾಶ ಕಂಡರೆ ಸಾಕು. ಇದು ನಡೆಯುವುದು ಕೆಳಗಿನ ಬ್ಯಾಂಡ್‌ಗಳಲ್ಲಿ. ಸಾಮಾನ್ಯವಾಗಿ ಹಗಲು 7 ಮೆಗಾಹರ್ಟ್ಸ್, ರಾತ್ರಿ 3.5. ಸೂರ್ಯನ ಚಟುವಟಿಕೆ ತಗ್ಗಿದ ವರ್ಷಗಳಲ್ಲಿ ಹಗಲಲ್ಲೂ 7 ಕೈಕೊಡಬಹುದು. ಹಾಗಾಗಿ ಸ್ಕೆಡ್‌ನಲ್ಲಿ ಎರಡೂ ಬ್ಯಾಂಡ್ ಬರೆದಿಡಿ.

ಖುಷಿಯ ವಿಷಯ ಅಂದರೆ ಇದಕ್ಕೆ ಎತ್ತರದ ಆಂಟೆನಾ ಬೇಡ. ಅರ್ಧ ಅಲೆಯ ಡೈಪೋಲ್ (ಮಧ್ಯಕ್ಕೆ ಕೇಬಲ್ ಸೇರಿಸಿದ ಎರಡು ತೋಳಿನ ತಂತಿ), ಮೂರ್ನಾಲ್ಕು ಮೀಟರ್ ಎತ್ತರದಲ್ಲಿ, ಅಡ್ಡಲಾಗಿ. ಉದ್ದಕ್ಕೆ 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.1ಕ್ಕೆ ಸುಮಾರು 20 ಮೀಟರ್ ಬರುತ್ತದೆ, ಒಂದೊಂದು ಕಡೆಗೆ 10. ಸ್ವಲ್ಪ ಉದ್ದವಾಗಿಯೇ ಕತ್ತರಿಸಿ, ಆಮೇಲೆ ಮಡಚುತ್ತಾ ಹೊಂದಿಸಿ. ಕತ್ತರಿಸಿದ ತಂತಿ ಮತ್ತೆ ಬೆಳೆಯಲ್ಲ.

ಸುಮ್ನೆಓದ್ತೀನಿ

ಎಂಡ್ ಫೆಡ್ ತಂತಿ ಆಗಲ್ವಾ? 49:1 ಟ್ರಾನ್ಸ್‌ಫಾರ್ಮರ್ ಹಾಕಿ 20 ಮೀಟರ್ ತಂತಿ ಎಸೆದರೆ 40, 20, 15, 10 ಮೀಟರ್ ಬ್ಯಾಂಡ್ ಎಲ್ಲ ಸಿಗುತ್ತೆ ಅಂತಾರೆ.

ಡಿಡಾಡಿಟ್

ಆಗುತ್ತದೆ. ಒಂದೇ ತುದಿಯಿಂದ ಫೀಡ್, ಒಂದೇ ಮರ, ಒಬ್ಬನೇ ಕಟ್ಟಬಹುದು. ಎನ್‌ವಿಐಎಸ್‌ಗೆ ಬೇಕು ಅಂದರೆ ಅದನ್ನೂ ತಗ್ಗಾಗಿ ಅಡ್ಡ ಎಳೆಯಿರಿ, ಮರದ ತುದಿಗೆ ನೆಟ್ಟಗೆ ಎತ್ತಬೇಡಿ. ಆದರೆ ಮಧ್ಯದಿಂದ ಫೀಡ್ ಮಾಡುವ ಡೈಪೋಲ್‌ಗೆ ಟ್ರಾನ್ಸ್‌ಫಾರ್ಮರ್ ಬೇಡ, ಕಾಡಿನಲ್ಲಿ ಕೆಟ್ಟುಹೋಗಲು ಅದರಲ್ಲಿ ಏನೂ ಇಲ್ಲ. ನನ್ನ ಓಟು ಅದಕ್ಕೇ.

ಇನ್ನು ಮೋರ್ಸ್ ಬಗ್ಗೆ ನಾನು ಹೇಳದಿದ್ದರೆ ಯಾರು ಹೇಳುತ್ತಾರೆ? ಎಸ್‌ಎಸ್‌ಬಿ (ಎಚ್‌ಎಫ್‌ನಲ್ಲಿ ಮಾತಿಗೆ ಬಳಸುವ ವಿಧಾನ) ಧ್ವನಿ ಎರಡೂವರೆ ಕಿಲೋಹರ್ಟ್ಸ್ ಅಗಲ ತಿನ್ನುತ್ತದೆ. ಮೋರ್ಸ್‌ಗೆ ಅದರ ಒಂದು ಚೂರು ಸಾಕು, ಇಡೀ ಶಕ್ತಿ ಅಲ್ಲೇ ಒಟ್ಟಾಗುತ್ತದೆ. ಅಂದಾಜು 10 ಡೆಸಿಬೆಲ್ ಲಾಭ ಅಂತ ಇಟ್ಟುಕೊಂಡರೂ 5 ವ್ಯಾಟ್ ಮೋರ್ಸ್ ಮಾಡುವ ಕೆಲಸಕ್ಕೆ ಧ್ವನಿಯಲ್ಲಿ 50 ವ್ಯಾಟ್ ಬೇಕು. 50 ವ್ಯಾಟ್‌ನ ಬ್ಯಾಟರಿ ಹೊರುವವರು ಯಾರು?

ಹಗುರಚೀಲ

ಮೋರ್ಸ್ ಕಲಿಯುವಷ್ಟರಲ್ಲಿ ಕ್ಯಾಂಪ್ ಮುಗಿದು ಮುಂದಿನ ವರ್ಷದ ಕ್ಯಾಂಪ್ ಬಂದಿರುತ್ತೆ ಸರ್ 😄 ಬ್ಯಾಟರಿ ಮಾತು ಬಂತಲ್ಲ, ನಿಜವಾಗಿ ಎಷ್ಟು ಬೇಕು?

ಮಿಂಚುಳ್ಳಿ

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ನನ್ನ ಇಷ್ಟದ ವಿಷಯ.

ಎಫ್‌ಟಿ-817 ತರಹದ 5 ವ್ಯಾಟ್ ರಿಗ್ ಸುಮ್ಮನೆ ಕೇಳಿಸಿಕೊಳ್ಳುವಾಗ ಸುಮಾರು 0.4 ಆಂಪಿಯರ್ ಎಳೆಯುತ್ತದೆ, ಪ್ರಸಾರ ಮಾಡುವಾಗ 2 ಆಂಪಿಯರ್ ಆಸುಪಾಸು. ದಿನಕ್ಕೆ ಮೂರು ಸ್ಕೆಡ್, ಒಂದೊಂದು 10 ನಿಮಿಷ, ಒಟ್ಟು ಅರ್ಧ ಗಂಟೆ. ಅದರಲ್ಲಿ 5 ನಿಮಿಷ ಮಾತು, ಉಳಿದದ್ದು ಕೇಳುವುದು. ಲೆಕ್ಕ ಹಾಕಿದರೆ ದಿನಕ್ಕೆ 0.35 ಆಂಪಿಯರ್-ಅವರ್ ಕೂಡ ಆಗುವುದಿಲ್ಲ. 6 ಆಂಪಿಯರ್-ಅವರ್‌ನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಮುಕ್ಕಾಲು ಕೆ.ಜಿ. ಆಸುಪಾಸು ತೂಗುತ್ತದೆ, ಎರಡು ವಾರ ಬರುತ್ತದೆ. ಈಗ ಅದೇ ರಿಗ್ಗನ್ನು ದಿನಕ್ಕೆ 10 ಗಂಟೆ ಆನ್ ಮಾಡಿ "ಯಾರಾದರೂ ಕರೆಯಬಹುದು" ಅಂತ ಕೂರಿ. ದಿನಕ್ಕೆ 4 ಆಂಪಿಯರ್-ಅವರ್ ಹೋಯಿತು. ಎರಡನೇ ದಿನ ಮಧ್ಯಾಹ್ನ ಬ್ಯಾಟರಿ ಖಾಲಿ.

ನೋಡಿ, ನಕಾಶೆಗಣ್ಣು ಹೇಳಿದ ಸ್ಕೆಡ್ ಬರೀ ಶಿಸ್ತಿನ ಮಾತಲ್ಲ. ಸ್ಕೆಡ್ ಇದ್ದರೆ ಬ್ಯಾಟರಿ ಚಿಕ್ಕದಾಗುತ್ತದೆ, ಚೀಲ ಹಗುರಾಗುತ್ತದೆ.

ಸೋಲಾರ್ ಪ್ಯಾನೆಲ್ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ದಟ್ಟ ಮರದ ನೆರಳಲ್ಲಿ ಅದು ಹೆಚ್ಚುಕಡಿಮೆ ಅಲಂಕಾರ. ಬಿಸಿಲು ಸಿಕ್ಕರೂ ಅದರ ಚಾರ್ಜ್ ಕಂಟ್ರೋಲರ್ ಎಚ್‌ಎಫ್‌ನಲ್ಲಿ ಗುಂಯ್‌ಗುಡುವ ಸಾಧ್ಯತೆ ಇದೆ. ನಗರದ ಗದ್ದಲ ಬಿಟ್ಟು ಕಾಡಿಗೆ ಬಂದು, ರಿಸೀವರ್ ಅಷ್ಟು ಶಾಂತವಾಗಿರುವಾಗ, ಆ ಸದ್ದನ್ನು ನಾವೇ ಹೊತ್ತು ತಂದಿರುತ್ತೇವೆ. ಸ್ಕೆಡ್ ಹೊತ್ತಿಗೆ ಪ್ಯಾನೆಲ್ ಕಿತ್ತಿಡಿ. ಇನ್ನೊಂದು ವಿಷಯ, ಈ ಬ್ಯಾಟರಿಗಳನ್ನು ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಬಾರದು. ಬಳಸಬಹುದು, ಚಾರ್ಜ್ ಬೇಡ. ರಾತ್ರಿ ಮಲಗುವ ಚೀಲದೊಳಗೆ ಹಾಕಿಕೊಳ್ಳಿ.

ಹ್ಯಾಂಡಿಗೆ? ಅದರ ಬ್ಯಾಟರಿ ಸೇವ್ ಆನ್ ಇರಲಿ, ಮೊದಲು ಕಡಿಮೆ ಪವರ್‌ನಲ್ಲಿ ಕರೆದು ನೋಡಿ. ಬಾಕಿ ಸಮಯ ಆಫ್. ಒಣ ಸೆಲ್ ಹಾಕುವ ಡಬ್ಬಿ ನಿಮ್ಮ ಮಾಡೆಲ್‌ಗೆ ಸಿಕ್ಕರೆ ಅದೊಂದು ಇರಲಿ.

ಬೆಟ್ಟದದಾರಿ

ಇದು ತುಂಬಾ ಉಪಯೋಗ ಆಯ್ತು ಮೇಡಂ. ಆದರೆ ಲೈಸೆನ್ಸ್ ಇರುವುದು ನನಗೊಬ್ಬನಿಗೇ. ನನಗೇ ಏನಾದರೂ ಆದರೆ? ಗೆಳೆಯರು ಗುಂಡಿ ಒತ್ತಬಹುದಾ?

ನಕಾಶೆಗಣ್ಣು

ಐಟಿಯು ಅನ್ನುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೊ ನಿಯಮಾವಳಿಯಲ್ಲಿ 4.9 ಅನ್ನುವ ಕಲಂ ಇದೆ. ಅಪಾಯದಲ್ಲಿರುವ ಕೇಂದ್ರ ಗಮನ ಸೆಳೆಯಲು, ತಾನು ಎಲ್ಲಿ ಯಾವ ಸ್ಥಿತಿಯಲ್ಲಿದ್ದೇನೆ ಅಂತ ತಿಳಿಸಲು, ನೆರವು ಪಡೆಯಲು ಕೈಯಲ್ಲಿರುವ ಯಾವ ರೇಡಿಯೊ ಸಾಧನವನ್ನು ಬಳಸಿದರೂ ಈ ನಿಯಮಗಳು ಅಡ್ಡ ಬರುವುದಿಲ್ಲ ಅನ್ನುವುದು ಅದರ ತಿರುಳು. ನಿಮ್ಮ ದೇಶದ ಕಾಯಿದೆಯಲ್ಲಿ ಇದು ಹೇಗೆ ಬಂದಿದೆ ಅಂತ ಓದಿಕೊಳ್ಳಿ. ಆದರೆ ಇದು ಜೀವಕ್ಕೆ ಅಪಾಯ ಬಂದಾಗ ಮಾತ್ರ. ಕ್ಯಾಂಪ್‌ನಿಂದ ನೀರಿನ ಹತ್ತಿರ ಹೋದವನಿಗೆ "ಬೇಗ ಬಾರೋ" ಅನ್ನಲು ಗೆಳೆಯ ನಿಮ್ಮ ಹ್ಯಾಂಡಿ ಬಳಸುವ ಹಾಗಿಲ್ಲ. ಅದಕ್ಕೆ ಲೈಸೆನ್ಸ್ ಬೇಡದ ಕಡಿಮೆ ಪವರ್ ಸೆಟ್‌ಗಳು ಬಹಳ ದೇಶಗಳಲ್ಲಿ ಇವೆ, ಯುರೋಪಿನ ಪಿಎಂಆರ್446 ತರಹ, ಅರ್ಧ ವ್ಯಾಟ್‌ನವು.

ಹಾಗಾಗಿ ಹೊರಡುವ ಮೊದಲು ಗೆಳೆಯರನ್ನು ಕೂರಿಸಿಕೊಂಡು ತೋರಿಸಿ. ಆನ್ ಮಾಡುವುದು, ಚಾನೆಲ್ ಬದಲಿಸುವುದು, ಗುಂಡಿ ಒತ್ತಿ ಒಂದು ಕ್ಷಣ ಬಿಟ್ಟು ಮಾತಾಡುವುದು, ಗುಂಡಿ ಬಿಟ್ಟ ಮೇಲೆ ಕೇಳಿಸಿಕೊಳ್ಳುವುದು. ಕೊನೆಯದನ್ನೇ ಗಾಬರಿಯಲ್ಲಿ ಎಲ್ಲರೂ ಮರೆಯುವುದು! ಜೀವಾಪಾಯ ಇದ್ದರೆ ಮೇಡೇ ಅಂತ ಮೂರು ಸಲ. ತುರ್ತು ಆದರೆ ಈಗಲೇ ಜೀವಕ್ಕೆ ಅಪಾಯ ಇಲ್ಲ ಅಂದರೆ ಪ್ಯಾನ್-ಪ್ಯಾನ್ ಮೂರು ಸಲ. ಆಮೇಲೆ ಯಾರು, ಎಲ್ಲಿ, ಏನಾಗಿದೆ, ಎಷ್ಟು ಜನ, ಏನು ಬೇಕು. ಜಾಗವನ್ನು ಮೊದಲ ಉಸಿರಿನಲ್ಲೇ ಹೇಳಿಬಿಡಿ, ಬ್ಯಾಟರಿ ಯಾವಾಗ ಸಾಯುತ್ತೋ ಗೊತ್ತಿಲ್ಲ.

ಜಾಗ ಹೇಳುವುದರಲ್ಲೇ ಎಡವುವುದು ಜಾಸ್ತಿ. ಹ್ಯಾಮ್‌ಗಳಿಗೆ ಗ್ರಿಡ್ ಲೊಕೇಟರ್ (ಭೂಪಟವನ್ನು ಚೌಕಗಳಾಗಿ ಹಂಚಿ ಕೊಟ್ಟ ಸಂಕೇತ) ಹೇಳಿ ಅಭ್ಯಾಸ. ಆರು ಅಕ್ಷರದ ಮೇಡನ್‌ಹೆಡ್ ಚೌಕ ತೆಂಕು-ಬಡಗು ನಾಲ್ಕೂವರೆ ಕಿ.ಮೀ. ಮೀರುತ್ತದೆ, ಭೂಮಧ್ಯರೇಖೆಯ ಹತ್ತಿರ ಪೂರ್ವ-ಪಶ್ಚಿಮ ಒಂಬತ್ತು ಕಿ.ಮೀ. ಕಾಡಿನಲ್ಲಿ ಅಷ್ಟು ಜಾಗ ಹುಡುಕಿ ನೋಡಿ. ಅಕ್ಷಾಂಶ ರೇಖಾಂಶ ದಶಮಾಂಶದಲ್ಲಿ ನಾಲ್ಕು ಸ್ಥಾನದವರೆಗೆ ಕೊಡಿ, ಸುಮಾರು 11 ಮೀಟರ್‌ಗೆ ಬಂದು ನಿಲ್ಲುತ್ತದೆ. ಯಾವ ರೂಪದಲ್ಲಿ ಹೇಳುತ್ತಿದ್ದೀರಿ ಅಂತಲೂ ಹೇಳಿ. "ನಲವತ್ತು ಪಾಯಿಂಟ್ ಮೂವತ್ತು" ಅಂದದ್ದನ್ನು ಆ ಕಡೆಯವರು 40 ಡಿಗ್ರಿ 30 ಮಿನಿಟ್ ಅಂತ ಬರೆದುಕೊಂಡರೆ 22 ಕಿ.ಮೀ. ಬೇರೆ ಕಡೆ ಹುಡುಕುತ್ತಾರೆ. ಒಂದೊಂದೇ ಅಂಕಿ ಹೇಳಿ, ಅವರ ಬಾಯಿಂದ ವಾಪಸ್ ಹೇಳಿಸಿ.

ಸುಮ್ನೆಓದ್ತೀನಿ

ಎಫ್‌ಟಿ8 ಅನ್ನುವ ಡಿಜಿಟಲ್ ವಿಧಾನ ಹಾಕಿಕೊಂಡರೆ 5 ವ್ಯಾಟ್‌ನಲ್ಲೇ ಪ್ರಪಂಚ ಸಿಗುತ್ತಲ್ಲ? ಮತ್ತೆ ಹ್ಯಾಂಡಿಯಲ್ಲೇ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ ಹಿಡಿಯಬಹುದು ಅಂತಾರೆ, ಅದೂ ಒಂದು ದಾರಿ ತಾನೆ?

ತಂತಿಮೇಲಿನಕಾಗೆ

ಎಫ್‌ಟಿ8 2017ರಲ್ಲಿ ಬಂದದ್ದು, ಕಿವಿಗೆ ಕೇಳದ ಸಿಗ್ನಲ್ಲನ್ನೂ ಹಿಡಿಯುತ್ತದೆ, ಒಪ್ಪಿದೆ. ಆದರೆ ಅದರಲ್ಲಿ ಹೋಗುವುದು ಕರೆ ಸಂಕೇತ, ಗ್ರಿಡ್, ಸಿಗ್ನಲ್ ವರದಿ. "ಕಾಲು ಮುರಿದಿದೆ" ಅನ್ನುವುದಕ್ಕೆ ಅದು ಹುಟ್ಟಿದ್ದಲ್ಲ. ಮಾತು ಬರೆದು ಕಳಿಸಬೇಕು ಅಂದರೆ ಅದೇ ತಳಹದಿಯ ಜೆಎಸ್8ಕಾಲ್ ನೋಡಿ. ಎರಡಕ್ಕೂ ಕಂಪ್ಯೂಟರೋ ಫೋನೋ ಬೇಕು, ಗಡಿಯಾರ ಸೆಕೆಂಡಿನ ಲೆಕ್ಕದಲ್ಲಿ ಸರಿ ಇರಬೇಕು. ಒದ್ದೆ ಕೈ, ಮಳೆ, ಕೇಬಲ್. ನನಗಂತೂ ಬೇಡ.

ಬಾಹ್ಯಾಕಾಶ ನಿಲ್ದಾಣದ ರಿಪೀಟರ್‌ಗೆ 145.990ರಲ್ಲಿ 67 ಹರ್ಟ್ಸ್ ಟೋನ್ ಹಾಕಿ ಮಾತಾಡಬೇಕು, 437.800ರಲ್ಲಿ ಕೇಳಬೇಕು. ಅದು ಬರುವಾಗ ಡಾಪ್ಲರ್‌ನಿಂದ 10 ಕಿಲೋಹರ್ಟ್ಸ್ ಮೇಲೆ, ಹೋಗುವಾಗ ಅಷ್ಟೇ ಕೆಳಗೆ ಟ್ಯೂನ್ ಮಾಡುತ್ತಾ ಹೋಗಬೇಕು. ತಲೆ ಮೇಲೆ ಹೋದರೂ ಹತ್ತು ನಿಮಿಷ, ಅದೂ ರಿಪೀಟರ್ ಆನ್ ಇದ್ದರೆ, ಅದೂ ನೂರು ಜನ ಒಟ್ಟಿಗೆ ಕೂಗದಿದ್ದರೆ. ಸಂಜೆ ಬೆಂಕಿ ಪಕ್ಕ ಕೂತು ಆಡಲು ಇದಕ್ಕಿಂತ ಚಂದದ ಆಟ ಇಲ್ಲ. ನೆರವಿಗೆ ನೆಚ್ಚಿಕೊಳ್ಳಬೇಡಿ.

ಮಿಂಚುಳ್ಳಿ

ಆಟ ಅಂದಿರಲ್ಲ, ಅದನ್ನು ಕಡೆಗಣಿಸಬೇಡಿ. ಬೇಜಾರಿಗೆ ದಿನಾ ರೇಡಿಯೊ ಹಚ್ಚುವವನಿಗೆ ಆಂಟೆನಾ ಸರಿ ಇದೆಯಾ, ಯಾವ ಹೊತ್ತಿಗೆ ಬ್ಯಾಂಡ್ ತೆರೆದಿರುತ್ತದೆ ಎಲ್ಲ ಗೊತ್ತಿರುತ್ತದೆ. ದಾರಿಯಲ್ಲಿ ಶಿಖರ ಇದ್ದರೆ ಸೋಟಾ (ಸಮ್ಮಿಟ್ಸ್ ಆನ್ ದಿ ಏರ್) ಮಾಡಿ, 2002ರಿಂದ ನಡೆಯುತ್ತಿರುವ ಕಾರ್ಯಕ್ರಮ, ಶಿಖರದಿಂದ ಕರೆದವರಿಗಾಗಿ ಕಾದು ಕೂರುವವರೇ ಇದ್ದಾರೆ. ಹೊರಡುವ ಮೊದಲು ಮನೆ ಹತ್ತಿರದ ಮೈದಾನದಲ್ಲಿ ಎಲ್ಲ ಕಟ್ಟಿ, ಕತ್ತಲಲ್ಲಿ ಬಿಚ್ಚಿ, ಮತ್ತೆ ಕಟ್ಟಿ ನೋಡಿ.

ಗುಡುಗು ಕೇಳಿದ ತಕ್ಷಣ ಕೇಬಲ್ಲನ್ನು ರಿಗ್‌ನಿಂದ ಕಿತ್ತು ದೂರ ಎಸೆಯಿರಿ, ತಂತಿಯಿಂದ ದೂರ ಇರಿ. ಸ್ಕೆಡ್ ಇತ್ತು ಅಂತ ಕೂರಬೇಡಿ. ಒಂದು ತಪ್ಪಿದರೆ ಏನೂ ಬೇಡ ಅಂತ ನಕಾಶೆಗಣ್ಣು ಬರೆದದ್ದು ಇದಕ್ಕೂ ಸೇರಿಯೇ.

ಬೆಟ್ಟದದಾರಿ

ಎಲ್ಲರಿಗೂ ಥ್ಯಾಂಕ್ಸ್. ಈಗಿನ ಯೋಚನೆ ಹೀಗಿದೆ. ಹ್ಯಾಂಡಿ, ಸ್ಲಿಮ್ ಜಿಮ್ ಖಂಡಿತ. ಪಿಎಲ್‌ಬಿ ಕಾನೂನು ವಿಚಾರಿಸುತ್ತೇನೆ. ಕ್ಲಬ್‌ನ ಹಿರಿಯರೊಬ್ಬರು ಸ್ಕೆಡ್‌ಗೆ ಕೂರಲು ಒಪ್ಪಿದ್ದಾರೆ. ನಾವಿರುವ ಕಣಿವೆಯಿಂದ ಅವರ ಮನೆ 150 ಕಿ.ಮೀ. ಹತ್ತಿರ ಆಗುತ್ತದೆ, ಹಾಗಾಗಿ 2 ಮೀಟರ್ ಆಗಲ್ಲ ಅಂತ ನನಗೇ ಗೊತ್ತಾಯ್ತು. ತಮ್ಮ ಹಳೇ 5 ವ್ಯಾಟ್ ರಿಗ್ ಕೊಡುತ್ತೇನೆ ಅಂದಿದ್ದಾರೆ. 7 ಮೆಗಾಹರ್ಟ್ಸ್ ಡೈಪೋಲ್ ಈ ವಾರ ಕತ್ತರಿಸುತ್ತೇನೆ. ಎರಡು ಮರ ಹತ್ತು ಹತ್ತು ಮೀಟರ್ ದೂರದಲ್ಲಿ ನೇರವಾಗಿ ಸಿಗದಿದ್ದರೆ ಏನು ಮಾಡುವುದು?

ಡಿಡಾಡಿಟ್

ನೇರವಾಗಿಯೇ ಇರಬೇಕು ಅಂತ ಏನಿಲ್ಲ. ಮಧ್ಯವನ್ನು ಒಂದು ಕೊಂಬೆಗೆ ಏರಿಸಿ, ಎರಡು ತುದಿ ಪೊದೆಗೋ ಗೂಟಕ್ಕೋ ದಾರ ಕಟ್ಟಿ ಇಳಿಸಿ, ತಲೆಕೆಳಗಾದ ವಿ ಆಕಾರ. ಮೂಲೆಯಲ್ಲಿ ಬಾಗಿದರೂ ಪರವಾಗಿಲ್ಲ. ತುದಿಗಳು ಮಾತ್ರ ಯಾರ ಕೈಗೂ ಕುತ್ತಿಗೆಗೂ ಸಿಗದ ಎತ್ತರದಲ್ಲಿರಲಿ, ಪ್ರಸಾರ ಮಾಡುವಾಗ ಅಲ್ಲಿ ವೋಲ್ಟೇಜ್ ಹೆಚ್ಚು. ತುದಿಗೆ ಬಣ್ಣದ ಬಟ್ಟೆ ಚೂರು ಕಟ್ಟಿ, ರಾತ್ರಿ ಮೂತ್ರಕ್ಕೆ ಎದ್ದವನು ಎಡವುತ್ತಾನೆ. ನಿಮ್ಮ ಹಿರಿಯರು 7.110ರ ಹತ್ತಿರ ಸ್ಕೆಡ್ ಇಟ್ಟುಕೊಂಡರೆ ಅದು ಐಎಆರ್‌ಯು (ಹ್ಯಾಮ್‌ಗಳ ಅಂತರರಾಷ್ಟ್ರೀಯ ಒಕ್ಕೂಟ) ಕೆಲವು ಪ್ರದೇಶಗಳಿಗೆ ತುರ್ತು ಸಂಪರ್ಕಕ್ಕೆ ಗುರುತಿಸಿದ ಜಾಗ ಅನ್ನುವುದು ನೆನಪಿರಲಿ. ಅಲ್ಲೇ ಹರಟೆ ಬೇಡ, ಸ್ವಲ್ಪ ಪಕ್ಕಕ್ಕೆ ಸರಿಯಿರಿ. ದಿನ ಗೊತ್ತಾದ ಮೇಲೆ ಇಲ್ಲಿ ಹಾಕಿ, ನಾನೂ ಆ ಹೊತ್ತಿಗೆ ಕಿವಿ ಇಡುತ್ತೇನೆ. 73, ಅಂದರೆ ಹ್ಯಾಮ್ ಭಾಷೆಯಲ್ಲಿ ಶುಭಾಶಯ.

ಹಗುರಚೀಲ

ನಾನು ಲೈಸೆನ್ಸ್ ಪರೀಕ್ಷೆಗೆ ಏನು ಓದಬೇಕು ಅಂತ ಬೇರೆ ಚರ್ಚೆ ಶುರು ಮಾಡ್ತೀನಿ. ಮೋರ್ಸ್ ಬಿಟ್ಟು.